ರೆಕ್ಕೆ ಕತ್ತರಿಸಿದ ದೊಡ್ಡ ಸ್ಟೀಲ್‌ಹೆಡ್: ಇದು ಬ್ರೂಡ್‌ಸ್ಟಾಕ್ ಸಂತಾನ ಎಂದು ನದಿಯಲ್ಲೇ ಗುರುತಿಸುವುದು ಹೇಗೆ?

ವಿಲ್ಸನ್_ದಂಡೆ (ಹಿಲ್ಸ್‌ಬರೋ):
ಒರೆಗಾನ್ ಕರಾವಳಿಯ ನದಿಗಳಲ್ಲಿ ಗಾಳ ಹಾಕುವ ಕನ್ನಡಿಗರಿಗೆ ಒಂದು ಪ್ರಶ್ನೆ. ಮಾರ್ಚ್ ಮೊದಲ ವಾರದಲ್ಲಿ ವಿಲ್ಸನ್ ನದಿಯಲ್ಲಿ, ಹೆದ್ದಾರಿ 6ರ ಪಕ್ಕದ ಮಡುವೊಂದರಲ್ಲಿ ನನಗೆ ಹೆಣ್ಣು ಸ್ಟೀಲ್‌ಹೆಡ್ (ಸಮುದ್ರಕ್ಕೆ ಹೋಗಿ ಬರುವ ಟ್ರೌಟ್ ಮೀನು) ಸಿಕ್ಕಿತು. ಹನ್ನೆರಡು ಪೌಂಡಿಗೆ ಕಡಿಮೆ ಇರಲಿಲ್ಲ. ಸಮುದ್ರದಿಂದ ಆಗಷ್ಟೇ ಬಂದ ಮೀನು, ಬಾಲದ ಬುಡದಲ್ಲಿ ಕಡಲ ಹೇನು ಇನ್ನೂ ಅಂಟಿಕೊಂಡಿತ್ತು. ಬೆನ್ನಿನ ರೆಕ್ಕೆ ನೆಟ್ಟಗೆ ನಿಂತಿತ್ತು, ಒಂದು ಕಡ್ಡಿಯೂ ಸೊಟ್ಟ ಇರಲಿಲ್ಲ. ಆದರೆ ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಇರಬೇಕಾದ ಅಡಿಪೋಸ್ ರೆಕ್ಕೆ ಇರಲಿಲ್ಲ. ಆ ಜಾಗದಲ್ಲಿ ಮಾಯ್ದ ಗಾಯದ ನುಣುಪು ಗುರುತು ಮಾತ್ರ ಇತ್ತು.

ಜೊತೆಗಿದ್ದ ಸ್ನೇಹಿತ, "ಇದು ಬ್ರೂಡ್‌ಸ್ಟಾಕ್ ಮೀನು, ಮೈಯಲ್ಲಿ ಕಾಡು ಮೀನಿನ ರಕ್ತವಿದೆ, ಬಿಟ್ಟುಬಿಡು" ಎಂದ. ಆಚೆ ದಡದಲ್ಲಿ ನಿಂತಿದ್ದ ಹಿರಿಯರೊಬ್ಬರು, "ರೆಕ್ಕೆ ಕತ್ತರಿಸಿದ್ದರೆ ಅದು ಹ್ಯಾಚರಿ ಮೀನು, ಅಂದರೆ ಮರಿ ಸಾಕುವ ಕೇಂದ್ರದಲ್ಲಿ ಬೆಳೆದದ್ದು, ಟ್ಯಾಗ್‌ನಲ್ಲಿ (ಹಿಡಿದ ಮೀನಿನ ಲೆಕ್ಕ ಬರೆಯುವ ಚೀಟಿ) ಬರೆದುಕೊಂಡು ಮನೆಗೆ ಒಯ್ಯಿ" ಎಂದರು. ನಾನು ಟ್ಯಾಗ್‌ನಲ್ಲಿ ನಮೂದಿಸಿ ಮೀನನ್ನು ಇಟ್ಟುಕೊಂಡೆ. ಕಾನೂನಿನ ಪ್ರಕಾರ ಅದು ಸರಿ ಎಂದು ಗೊತ್ತು. ನನಗೆ ಬೇಕಾಗಿರುವುದು ಬೇರೆ. ಮಾಮೂಲಿ ಹ್ಯಾಚರಿ ಮೀನು, ಬ್ರೂಡ್‌ಸ್ಟಾಕ್ ಸಂತಾನದ ಮೀನು, ಪೂರ್ತಿ ಕಾಡು ಮೀನು, ಈ ಮೂರನ್ನು ನೀರಿನಲ್ಲಿ ನಿಂತಿರುವಾಗಲೇ ಬೇರೆ ಮಾಡಿ ಹೇಳಲು ಸಾಧ್ಯವೇ?

ತುಂಗೆಯ_ಮಗಳು (ಕೊರ್ವಾಲಿಸ್):
ಮೊದಲು ಒಂದು ಗೊಂದಲ ಬಗೆಹರಿಸೋಣ. ಬ್ರೂಡ್‌ಸ್ಟಾಕ್ ಎಂದರೆ ಹ್ಯಾಚರಿಯಲ್ಲಿ ಮೊಟ್ಟೆ ಮತ್ತು ವೀರ್ಯ ಕೊಡುವ ತಂದೆ ತಾಯಿ ಮೀನುಗಳು. ಈಗಿನ ಹೊಸ ಹ್ಯಾಚರಿ ಯೋಜನೆಗಳಲ್ಲಿ ಆ ತಂದೆ ತಾಯಿಗಳನ್ನು ಅದೇ ನದಿಯ ಕಾಡು ಮೀನುಗಳಿಂದ ಆರಿಸುತ್ತಾರೆ. ಅವುಗಳ ಅಡಿಪೋಸ್ ರೆಕ್ಕೆ ಹಾಗೇ ಇರುತ್ತದೆ. ಅವುಗಳ ಮರಿಗಳನ್ನು ಒಂದು ವರ್ಷ ಹ್ಯಾಚರಿಯಲ್ಲಿ ಸಾಕಿ, ಅಡಿಪೋಸ್ ರೆಕ್ಕೆ ಕತ್ತರಿಸಿ ನದಿಗೆ ಬಿಡುತ್ತಾರೆ. ಆ ಮರಿಗಳು ಸಮುದ್ರದಲ್ಲಿ ಎರಡು ಮೂರು ವರ್ಷ ಬೆಳೆದು ಹಿಂದಿರುಗಿದಾಗ ಗಾಳಗಾರರು ಅವನ್ನೇ "ಬ್ರೂಡ್‌ಸ್ಟಾಕ್ ಮೀನು" ಎನ್ನುತ್ತಾರೆ.

ಹಳೆಯ ಪದ್ಧತಿ ಹೀಗಿರಲಿಲ್ಲ. ಒರೆಗಾನ್ ಕರಾವಳಿಯ ಬಹಳಷ್ಟು ನದಿಗಳಿಗೆ ಆಲ್ಸೀ ನದಿಯ ತಳಿಯನ್ನೇ ತಂದು ಬಿಡುತ್ತಿದ್ದರು. ವಾಷಿಂಗ್ಟನ್‌ನಲ್ಲಿ ಚಳಿಗಾಲದಲ್ಲಿ ನದಿಗೆ ಬರುವ ಮೀನಿಗೆ ಟಕೋಮಾ ಹತ್ತಿರದ ಚೇಂಬರ್ಸ್ ಕ್ರೀಕ್ ತಳಿ, ಬೇಸಿಗೆಯಲ್ಲಿ ಬರುವ ಮೀನಿಗೆ ಸ್ಕಮೇನಿಯಾ ತಳಿ. ತಲೆಮಾರುಗಳಿಂದ ಹ್ಯಾಚರಿಯಲ್ಲೇ ಬೆಳೆದ ತಳಿಗಳಿವು, ಬೇಗ ಮೊಟ್ಟೆಗೆ ಬರುವ ಮೀನುಗಳನ್ನೇ ಆರಿಸಿ ಆರಿಸಿ ಬೆಳೆಸಿದವು. ಆದ್ದರಿಂದ ಚಳಿಗಾಲದ ಹಳೆಯ ತಳಿ ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲೇ ಬಂದು ಮುಗಿಯುತ್ತದೆ. ಕಾಡು ಮೀನು ಮತ್ತು ಅದರ ಹ್ಯಾಚರಿ ಸಂತಾನ ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ ಬರುತ್ತವೆ.

ನಿಮ್ಮ ಮೀನು ಮಾರ್ಚ್‌ನಲ್ಲಿ ಕಡಲ ಹೇನಿನ ಸಮೇತ ಬಂದಿದೆ, ಗಾತ್ರವೂ ದೊಡ್ಡದು. ಬ್ರೂಡ್‌ಸ್ಟಾಕ್ ಸಂತಾನ ಆಗಿರುವ ಸಾಧ್ಯತೆ ಹೆಚ್ಚು. ಆದರೆ ಸಾಧ್ಯತೆ ಮಾತ್ರ, ಖಚಿತವಲ್ಲ.

ಮಲ್ಪೆ_ಕಡಲು (ಟಕೋಮಾ):
ಖಚಿತವಾಗಿಯೇ ಹೇಳಬಹುದು, ನಾನು ಒಪ್ಪುವುದಿಲ್ಲ. ಮೀನುಗಾರರ ಮನೆಯಲ್ಲಿ ಹುಟ್ಟಿದವನು ನಾನು. ಮೀನನ್ನು ಕೈಯಲ್ಲಿ ಹಿಡಿದರೆ ಅದು ತೊಟ್ಟಿಯಲ್ಲಿ ಬೆಳೆದದ್ದೋ ಹೊಳೆಯಲ್ಲಿ ಬೆಳೆದದ್ದೋ ಗೊತ್ತಾಗುತ್ತದೆ. ಹ್ಯಾಚರಿಯ ಸಿಮೆಂಟ್ ತೊಟ್ಟಿಯಲ್ಲಿ ಸಾವಿರಾರು ಮರಿಗಳು ಒಂದರ ಮೇಲೊಂದು ಉಜ್ಜಿಕೊಂಡು, ಒಂದನ್ನೊಂದು ಕಚ್ಚಿಕೊಂಡು ಬೆಳೆಯುತ್ತವೆ. ಬೆನ್ನಿನ ರೆಕ್ಕೆ ಸವೆದು ಕಡ್ಡಿಗಳು ಅಲೆ ಅಲೆಯಾಗಿ ಸೊಟ್ಟಗಾಗುತ್ತವೆ, ಎದೆಯ ರೆಕ್ಕೆಗಳ ಅಂಚು ಮೊಂಡಾಗುತ್ತದೆ. ಸಮುದ್ರದಿಂದ ದೊಡ್ಡದಾಗಿ ಬಂದ ಮೇಲೂ ಆ ಸೊಟ್ಟ ಹೋಗುವುದಿಲ್ಲ. ಬೆನ್ನಿನ ರೆಕ್ಕೆಯನ್ನು ಬೆರಳಿನಿಂದ ಎತ್ತಿ ನೋಡಿ, ಅಷ್ಟೇ ಸಾಕು.

ನೆಸ್ಟುಕ್ಕ_ಗಾಳ (ಮೆಕ್‌ಮಿನ್‌ವಿಲ್):
ಅಷ್ಟೇ ಸಾಕಾಗುವುದಿಲ್ಲ. ಪ್ರಶ್ನೆ ಕೇಳಿದವರೇ ಬೆನ್ನಿನ ರೆಕ್ಕೆ ನೆಟ್ಟಗಿತ್ತು ಎಂದಿದ್ದಾರೆ, ಅಡಿಪೋಸ್ ಮಾತ್ರ ಕತ್ತರಿಸಿತ್ತು. ನಿಮ್ಮ ಲೆಕ್ಕದಲ್ಲಿ ಅದು ಯಾವ ಮೀನು?

ಮಲ್ಪೆ_ಕಡಲು (ಟಕೋಮಾ):
ಅದು ಕಡಿಮೆ ಮರಿಗಳಿದ್ದ ಕೊಳದಲ್ಲಿ ಬೆಳೆದಿರಬೇಕು. ಸೊಟ್ಟ ರೆಕ್ಕೆ ಇದ್ದರೆ ಹ್ಯಾಚರಿ ಮೀನು ಎಂಬುದಂತೂ ಸುಳ್ಳಾಗುವುದಿಲ್ಲವಲ್ಲ.

ತುಂಗೆಯ_ಮಗಳು (ಕೊರ್ವಾಲಿಸ್):
ಇದನ್ನು ನಾನೂ ಒಪ್ಪುತ್ತೇನೆ. ಸೊಟ್ಟ ರೆಕ್ಕೆ ಹ್ಯಾಚರಿಯ ಬಲವಾದ ಸುಳಿವು. ಆದರೆ ನೆಟ್ಟಗಿನ ರೆಕ್ಕೆ ಕಾಡು ಮೀನಿಗೆ ಸಾಕ್ಷಿಯಲ್ಲ. ಇನ್ನೊಂದು ಮಾತು. ಆಲ್ಸೀ ತಳಿಯ ಮರಿಯೂ ಬ್ರೂಡ್‌ಸ್ಟಾಕ್ ಮರಿಯೂ ಒಂದೇ ಬಗೆಯ ತೊಟ್ಟಿಯಲ್ಲಿ ಬೆಳೆಯುತ್ತವೆ. ಹಾಗಾಗಿ ಇವೆರಡನ್ನು ಬೇರೆ ಮಾಡುವಲ್ಲಿ ರೆಕ್ಕೆಯ ಸವೆತ ಉಪಯೋಗಕ್ಕೆ ಬರುವುದಿಲ್ಲ.

ಹೊಸ_ಗಾಳಗಾರ (ಬೆಲ್‌ವ್ಯೂ):
ಕ್ಷಮಿಸಿ, ತೀರಾ ಆರಂಭದ ಪ್ರಶ್ನೆ. ನಾನು ಈ ವರ್ಷವಷ್ಟೇ ಪರವಾನಗಿ ತೆಗೆದುಕೊಂಡಿದ್ದೇನೆ. ಸಿಕ್ಕಿದ್ದು ಸ್ಟೀಲ್‌ಹೆಡ್ಡೋ ಸಾಲ್ಮನ್ನೋ ಎನ್ನುವುದೇ ನನಗೆ ತಿಳಿಯುವುದಿಲ್ಲ. ರೇನ್‌ಬೋ ಟ್ರೌಟ್ ಬೇರೆ ಮೀನೇ?

ಮಲೆನಾಡ_ಹೊಳೆ (ಪೋರ್ಟ್‌ಲೆಂಡ್):
ಕ್ಷಮೆ ಯಾಕೆ ಸರ್, ಎಲ್ಲರೂ ಅಲ್ಲಿಂದಲೇ ಬಂದವರು. ಸ್ಟೀಲ್‌ಹೆಡ್ ಮತ್ತು ರೇನ್‌ಬೋ ಟ್ರೌಟ್ ಒಂದೇ ಜಾತಿ, ಆಂಕೋರಿಂಕಸ್ ಮೈಕಿಸ್. ಸಮುದ್ರಕ್ಕೆ ಹೋಗಿ ಬಂದರೆ ಸ್ಟೀಲ್‌ಹೆಡ್, ಹೊಳೆಯಲ್ಲೇ ಉಳಿದರೆ ರೇನ್‌ಬೋ. ಊಟಿ ಕಡೆಯ ಅವಲಾಂಚೆಯ ಟ್ರೌಟ್ ಹ್ಯಾಚರಿಯನ್ನು ನೀವು ನೋಡಿದ್ದರೆ ಅಲ್ಲಿರುವುದೂ ಇದೇ ಜಾತಿ.

ಬಾಯಿ ತೆರೆದು ವಸಡು ನೋಡಿ. ಚಿನೂಕ್ ಸಾಲ್ಮನ್‌ಗೆ ವಸಡು, ಬಾಯಿ ಎರಡೂ ಕಪ್ಪು. ಕೋಹೋಗೆ ಬಾಯಿ ಕಪ್ಪು, ಹಲ್ಲಿನ ಬುಡದ ವಸಡು ಬಿಳಿ. ಸ್ಟೀಲ್‌ಹೆಡ್‌ಗೆ ಎಲ್ಲವೂ ಬಿಳಿ. ಸ್ಟೀಲ್‌ಹೆಡ್ ಬಾಲದ ಅಂಚು ಚೌಕವಾಗಿದ್ದು, ಬಾಲದ ಮೇಲಿನ ಮತ್ತು ಕೆಳಗಿನ ಎರಡೂ ಭಾಗಗಳಲ್ಲಿ ಚುಕ್ಕೆ ಇರುತ್ತದೆ. ಗುದದ ಹಿಂದಿನ ರೆಕ್ಕೆಯ ಬುಡ ಗಿಡ್ಡ. ಸಾಲ್ಮನ್‌ಗೆ ಅದು ಉದ್ದ.

ವಾಷಿಂಗ್ಟನ್‌ನಲ್ಲಿ ಇದ್ದೀರಿ, ಒಂದು ನಿಯಮ ನೆನಪಿಡಿ. ಬಿಡಬೇಕಾದ ಕಾಡು ಸ್ಟೀಲ್‌ಹೆಡ್ಡನ್ನು ನೀರಿನಿಂದ ಪೂರ್ತಿ ಮೇಲೆ ಎತ್ತುವುದೇ ಅಲ್ಲಿ ಅಪರಾಧ. ಫೋಟೋ ಬೇಕಿದ್ದರೂ ಮೀನು ನೀರಿನಲ್ಲೇ ಇರಬೇಕು. ಅಡಿಪೋಸ್ ನೋಡುವುದಕ್ಕೆ ಎತ್ತುವ ಅಗತ್ಯವೂ ಇಲ್ಲ. ಬಾಲದ ಬುಡ ಹಿಡಿದು, ತಲೆಯನ್ನು ಪ್ರವಾಹದ ಕಡೆಗೆ ತಿರುಗಿಸಿ, ಬೆನ್ನು ನೀರಿನ ಮಟ್ಟಕ್ಕೆ ಬಂದರೆ ಸಾಕು, ಕಾಣುತ್ತದೆ.

ಹೊಸ_ಗಾಳಗಾರ (ಬೆಲ್‌ವ್ಯೂ):
ಧನ್ಯವಾದ. ಅರ್ಧ ಕತ್ತರಿಸಿದ ಅಡಿಪೋಸ್ ಇದ್ದರೆ?

ಮಲೆನಾಡ_ಹೊಳೆ (ಪೋರ್ಟ್‌ಲೆಂಡ್):
ಬಿಟ್ಟುಬಿಡಿ. ವಾಷಿಂಗ್ಟನ್ ನಿಯಮದಲ್ಲಿ ಹ್ಯಾಚರಿ ಸ್ಟೀಲ್‌ಹೆಡ್ ಎಂದರೆ ಅಡಿಪೋಸ್ ಕತ್ತರಿಸಿದ್ದು, ಆ ಜಾಗದಲ್ಲಿ ಮಾಯ್ದ ಗಾಯದ ಗುರುತು ಇರುವುದು. ಅನುಮಾನ ಬಂದರೆ ಅದು ಕಾಡು ಮೀನು ಎಂದೇ ಲೆಕ್ಕ.

ನೆಸ್ಟುಕ್ಕ_ಗಾಳ (ಮೆಕ್‌ಮಿನ್‌ವಿಲ್):
ಅರ್ಧ ಕತ್ತರಿಸಿದ ರೆಕ್ಕೆ ಹೇಗೆ ಬರುತ್ತದೆ ಎಂದು ಕೇಳುವವರಿಗೆ. ಬೆರಳುದ್ದದ ಮರಿಗಳನ್ನು ಅರಿವಳಿಕೆ ಬೆರೆಸಿದ ನೀರಿನಲ್ಲಿ ಹಾಕಿ, ಮೇಜಿನ ಸುತ್ತ ಕುಳಿತ ಕೆಲಸಗಾರರು ಒಂದೊಂದನ್ನೇ ಎತ್ತಿ ಸಣ್ಣ ಕತ್ತರಿಯಿಂದ ಕತ್ತರಿಸುತ್ತಾರೆ. ಈಗ ಯಂತ್ರಗಳಿರುವ ಟ್ರೇಲರ್‌ಗಳೂ ಬಂದಿವೆ. ಲಕ್ಷಗಟ್ಟಲೆ ಮರಿ. ಬುಡದವರೆಗೆ ಕತ್ತರಿ ಹೋಗದಿದ್ದರೆ ಉಳಿದ ತುಂಡು ಮತ್ತೆ ಬೆಳೆಯುತ್ತದೆ. ಬುಡ ಸಮೇತ ಹೋದರೆ ಬೆಳೆಯುವುದಿಲ್ಲ.

ಈಗ ಮೂಲ ಪ್ರಶ್ನೆಗೆ. ಕೆಲವು ನದಿಗಳಲ್ಲಿ ಎರಡು ಬಗೆಯ ಹ್ಯಾಚರಿ ಮರಿಗಳನ್ನು ಬಿಡುವಾಗ ಒಂದು ಬಗೆಗೆ ಅಡಿಪೋಸ್ ಜೊತೆಗೆ ಇನ್ನೊಂದು ಗುರುತು ಹಾಕುತ್ತಾರೆ. ಮೇಲ್ದವಡೆಯ ಬದಿಯಲ್ಲಿ, ಬಾಯಿಯ ಮೂಲೆಯವರೆಗೆ ಬರುವ ಚಪ್ಪಟೆ ಮೂಳೆ ಇದೆ, ಅದಕ್ಕೆ ಮ್ಯಾಕ್ಸಿಲರಿ ಎನ್ನುತ್ತಾರೆ. ದೊಡ್ಡ ಸ್ಟೀಲ್‌ಹೆಡ್‌ನಲ್ಲಿ ಅದು ಕಣ್ಣಿನ ಹಿಂಬದಿಯವರೆಗೆ ಚಾಚಿರುತ್ತದೆ. ಗುರುತು ಹಾಕಿದ ಮೀನಿನಲ್ಲಿ ಒಂದು ಬದಿಯ ಮೂಳೆ ಕಣ್ಣಿನ ಕೆಳಗೇ ಮೊಂಡಾಗಿ ನಿಂತುಬಿಡುತ್ತದೆ. ಎಡಬದಿ, ಬಲಬದಿ ಹೋಲಿಸಿ ನೋಡಿದರೆ ತಕ್ಷಣ ಕಾಣುತ್ತದೆ. ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆಗಳಲ್ಲಿ ಒಂದನ್ನು ಕತ್ತರಿಸುವುದೂ ಉಂಟು. ಯಾವ ನದಿಗೆ, ಯಾವ ವರ್ಷದ ಮರಿಗೆ, ಯಾವ ಗುರುತು ಎಂಬುದು ಬದಲಾಗುತ್ತಲೇ ಇರುತ್ತದೆ. ಹೋಗುವ ಮುಂಚೆ ಆ ಜಿಲ್ಲೆಯ ಮೀನುಗಾರಿಕೆ ಕಚೇರಿಗೆ ಒಂದು ಫೋನ್ ಮಾಡಿದರೆ ಹೇಳುತ್ತಾರೆ.

ವಿಲ್ಸನ್_ದಂಡೆ (ಹಿಲ್ಸ್‌ಬರೋ):
ಇದು ನನಗೆ ಗೊತ್ತೇ ಇರಲಿಲ್ಲ. ಮೀನಿನ ತಲೆ ಇನ್ನೂ ಫ್ರೀಜರ್‌ನಲ್ಲಿದೆ, ಸಾರಿಗೆಂದು ಇಟ್ಟಿದ್ದೆವು. ಇಂದು ಸಂಜೆ ತೆಗೆದು ಎರಡೂ ಬದಿ ನೋಡುತ್ತೇನೆ.

ಸಾಲೆಮ್_ಸುಬ್ಬಿ:
ನನಗೆ ಸಿಕ್ಕ ಒಂದು ಮೀನಿನ ಕಿವಿರಿನ ಮುಚ್ಚಳದಲ್ಲಿ ದುಂಡಗಿನ ತೂತು ಇತ್ತು, ಕಾಗದಕ್ಕೆ ಪಂಚ್ ಹಾಕಿದ ಹಾಗೆ. ಅದು ಬ್ರೂಡ್‌ಸ್ಟಾಕ್ ಗುರುತೇ?

ನೆಸ್ಟುಕ್ಕ_ಗಾಳ (ಮೆಕ್‌ಮಿನ್‌ವಿಲ್):
ಅಲ್ಲ ಮೇಡಂ. ಹ್ಯಾಚರಿಯ ಬೋನಿಗೆ ಒಮ್ಮೆ ಬಂದ ಮೀನನ್ನು ಲಾರಿಯಲ್ಲಿ ಕೆಳಗೆ ಸಾಗಿಸಿ, ಗಾಳಗಾರರಿಗೆ ಇನ್ನೊಂದು ಅವಕಾಶ ಸಿಗಲಿ ಎಂದು ನದಿಗೆ ಮತ್ತೆ ಬಿಡುತ್ತಾರೆ. ಅದೇ ಮೀನು ತಿರುಗಿ ಬೋನಿಗೆ ಬಂದರೆ ತಿಳಿಯಲಿ ಎಂದು ಕಿವಿರಿನ ಮುಚ್ಚಳಕ್ಕೆ ತೂತು ಹಾಕುತ್ತಾರೆ. ಕೆಲವೆಡೆ ಬೆನ್ನಿನ ರೆಕ್ಕೆಯ ಬುಡಕ್ಕೆ ಬಣ್ಣದ ಪ್ಲಾಸ್ಟಿಕ್ ಎಳೆ ಚುಚ್ಚಿರುತ್ತಾರೆ.

ಮಲ್ಪೆ_ಕಡಲು (ಟಕೋಮಾ):
ಗುರುತಿನ ಮಾತು ಸರಿ. ಆದರೆ ನಿಜವಾದ ಪ್ರಶ್ನೆಗೆ ಯಾರೂ ಕೈ ಹಾಕುತ್ತಿಲ್ಲ. ಅಪ್ಪ ಅಮ್ಮ ಇಬ್ಬರೂ ಕಾಡು ಮೀನು. ಮರಿ ಹ್ಯಾಚರಿಯಲ್ಲಿ ಇದ್ದದ್ದು ಒಂದೇ ವರ್ಷ. ಅಂಥ ಮೀನು ಗುರುತಾದರೆ ಬಿಡಬೇಕು ಎನ್ನುತ್ತೇನೆ ನಾನು. ಅದು ಹೊಳೆಯಲ್ಲಿ ಮೊಟ್ಟೆ ಇಟ್ಟರೆ ಕಾಡು ಮೀನಿನ ಸಂಖ್ಯೆಯೇ ಹೆಚ್ಚುತ್ತದೆ. ಚೇಂಬರ್ಸ್ ಕ್ರೀಕ್ ತಳಿಯ ಹಾಗೆ ಅದು ಪರಕೀಯ ಮೀನಲ್ಲ. ಅದನ್ನು ಕೊಲ್ಲುವುದು ಅನ್ಯಾಯ.

ತುಂಗೆಯ_ಮಗಳು (ಕೊರ್ವಾಲಿಸ್):
ಅಣ್ಣ, ಇಲ್ಲಿ ನಿಮ್ಮನ್ನು ಗಟ್ಟಿಯಾಗಿ ವಿರೋಧಿಸಬೇಕಾಗಿದೆ. ಒರೆಗಾನ್‌ನ ಹುಡ್ ನದಿಯಲ್ಲಿ ನಡೆದ ಅಧ್ಯಯನ ಓದಿ. ಅಲ್ಲಿ ಪವರ್‌ಡೇಲ್ ಅಣೆಕಟ್ಟಿನ ಬೋನಿನ ಮೂಲಕವೇ ಎಲ್ಲ ಸ್ಟೀಲ್‌ಹೆಡ್ ಮೇಲೆ ಹೋಗಬೇಕಿತ್ತು. 1991ರಿಂದ ಮೇಲೆ ಹೋದ ಮೀನುಗಳ ಹುರುಪೆ ತೆಗೆದು ಇಟ್ಟಿದ್ದರು. ಆ ಹುರುಪೆಯ ಡಿಎನ್‌ಎಯಿಂದ ಯಾವ ಮೀನು ಯಾವುದರ ಮಗು ಎಂದು ವಂಶವೃಕ್ಷವನ್ನೇ ಕಟ್ಟಿದರು. ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಹಿತೋಶಿ ಅರಾಕಿ, ಮೈಕೆಲ್ ಬ್ಲೂಯಿನ್ ಮತ್ತವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ಹ್ಯಾಚರಿಯಲ್ಲಿ ಕಳೆದ ಪ್ರತಿ ತಲೆಮಾರಿಗೆ, ಕಾಡಿನಲ್ಲಿ ಸಂತಾನ ಪಡೆಯುವ ಸಾಮರ್ಥ್ಯ ಸುಮಾರು 40 ಪ್ರತಿಶತ ಕುಸಿಯುತ್ತದೆ. ಅಲ್ಲಿ ಬಳಸಿದ್ದು ಹಳೆಯ ಪರಕೀಯ ತಳಿಯನ್ನಲ್ಲ, ಅದೇ ನದಿಯ ಕಾಡು ಬ್ರೂಡ್‌ಸ್ಟಾಕನ್ನು. ನೀವು ಯಾವುದನ್ನು ಕಾಡು ಮೀನಿಗೆ ಸಮ ಎನ್ನುತ್ತಿದ್ದೀರೋ ಅದನ್ನೇ.

2012ರ ಮುಂದಿನ ಅಧ್ಯಯನದಲ್ಲಿ ಕಾರಣವೂ ಹೊರಬಂತು. ಹ್ಯಾಚರಿಯಲ್ಲಿ ಚೆನ್ನಾಗಿ ಬದುಕುವ ಕುಟುಂಬಗಳೇ ಹೊಳೆಯಲ್ಲಿ ಸೋಲುತ್ತವೆ. ತೊಟ್ಟಿಯಲ್ಲಿ ಆಹಾರ ಮೇಲಿಂದ ಉದುರುತ್ತದೆ, ಹಕ್ಕಿಯ ಭಯವಿಲ್ಲ, ಗುಂಪಿನಲ್ಲಿ ನುಗ್ಗುವ ಮರಿ ಗೆಲ್ಲುತ್ತದೆ. ಹೊಳೆಯಲ್ಲಿ ನುಗ್ಗುವ ಮರಿಯನ್ನು ಕೊಕ್ಕರೆ ಎತ್ತಿಕೊಳ್ಳುತ್ತದೆ. ಒಂದೇ ತಲೆಮಾರಿನಲ್ಲಿ ಈ ಆಯ್ಕೆ ನಡೆದುಬಿಡುತ್ತದೆ. 2016ರಲ್ಲಿ ಅದೇ ನದಿಯ ಮೀನುಗಳಲ್ಲಿ ಕಾಡು ಮೀನಿನ ಮರಿಗೂ ಮೊದಲ ತಲೆಮಾರಿನ ಹ್ಯಾಚರಿ ಮೀನಿನ ಮರಿಗೂ 723 ವಂಶವಾಹಿಗಳ ಚಟುವಟಿಕೆಯಲ್ಲಿ ವ್ಯತ್ಯಾಸ ಕಂಡುಬಂತು.

ಹಾಗಾಗಿ ರೆಕ್ಕೆ ಕತ್ತರಿಸಿದ ಮೀನನ್ನು ನಿಯಮ ಅನುಮತಿಸುವ ಕಡೆ ಇಟ್ಟುಕೊಳ್ಳುವುದೇ ಕಾಡು ಮೀನಿಗೆ ಮಾಡುವ ಉಪಕಾರ. ವಿಲ್ಸನ್ ದಂಡೆಯವರು ಮಾಡಿದ್ದು ಸರಿ.

ಮಲ್ಪೆ_ಕಡಲು (ಟಕೋಮಾ):
ಒಂದು ನದಿಯ ಲೆಕ್ಕವನ್ನು ಎಲ್ಲ ನದಿಗಳ ಮೇಲೆ ಹೇರಬೇಡಿ ತಂಗಿ. ಮೀನೇ ಇಲ್ಲದ ಹೊಳೆಯಲ್ಲಿ ಕಡಿಮೆ ಸಾಮರ್ಥ್ಯದ ಮೀನೂ ಮೀನೇ.

ಬೋಯ್ಸಿ_ಬಳಗ:
ಐಡಾಹೋದಿಂದ ಎರಡು ಮಾತು. ಮಲ್ಪೆಯವರ ಪರವಾಗಿ ಒಂದು ಉದಾಹರಣೆ ಇದೆ. ಇಲ್ಲಿನ ಜಾನ್ಸನ್ ಕ್ರೀಕ್‌ನಲ್ಲಿ ನೆಜ್ ಪರ್ಸ್ ಬುಡಕಟ್ಟು ನಡೆಸುವ ಯೋಜನೆಯಲ್ಲಿ ಪೂರ್ತಿ ಸ್ಥಳೀಯ ಕಾಡು ತಂದೆ ತಾಯಿಗಳನ್ನೇ ಬಳಸುತ್ತಾರೆ. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಲ್ಲಿನ ಹ್ಯಾಚರಿ ಮೀನು ಕಾಡು ಮೀನಿನೊಂದಿಗೆ ಕೂಡಿದಾಗ ಸಂತಾನದಲ್ಲಿ ಹೇಳಿಕೊಳ್ಳುವಂಥ ಕುಸಿತ ಕಾಣಲಿಲ್ಲ, ನದಿಯ ಒಟ್ಟು ಮೀನಿನ ಸಂಖ್ಯೆಯೂ ಏರಿತು. ಆದರೆ ಅದು ಚಿನೂಕ್ ಸಾಲ್ಮನ್. ಸ್ಟೀಲ್‌ಹೆಡ್ ಹೊಳೆಯಲ್ಲಿ ಎರಡು ವರ್ಷ, ಕೆಲವೊಮ್ಮೆ ಮೂರು ವರ್ಷ ಬೆಳೆದು ಆಮೇಲೆ ಸಮುದ್ರಕ್ಕೆ ಹೋಗುವ ಮೀನು. ಅದನ್ನು ಹ್ಯಾಚರಿಯಲ್ಲಿ ಮೇವು ಸುರಿದು ಒಂದೇ ವರ್ಷದಲ್ಲಿ ಸಮುದ್ರಕ್ಕೆ ಸಿದ್ಧ ಮಾಡುತ್ತಾರೆ. ಅಷ್ಟು ಬೇಗ ಬೆಳೆಯಬಲ್ಲ ಮರಿಗಳೇ ಉಳಿಯುತ್ತವೆ. ಆದ್ದರಿಂದ ಸ್ಟೀಲ್‌ಹೆಡ್ ವಿಷಯದಲ್ಲಿ ನಾನು ತುಂಗೆಯ ಮಗಳ ಕಡೆ.

ಇನ್ನೊಂದು ಮಾತು, ಇಲ್ಲಿ ಯಾರೂ ಹೇಳದೆ ಇರುವುದು. ಅಡಿಪೋಸ್ ಇರುವ ಮೀನೆಲ್ಲ ಕಾಡು ಮೀನಲ್ಲ. ಸ್ನೇಕ್ ನದಿಯ ಜಲಾನಯನದಲ್ಲಿ ಕಾಡು ಮೀನಿನ ಸಂಖ್ಯೆ ಹೆಚ್ಚಿಸಲೆಂದೇ ಕೆಲವು ಹ್ಯಾಚರಿ ಮರಿಗಳನ್ನು ರೆಕ್ಕೆ ಕತ್ತರಿಸದೆ ಬಿಡುತ್ತಾರೆ. ಅವನ್ನು ಯಾರೂ ಇಟ್ಟುಕೊಳ್ಳಬಾರದು ಎಂಬುದೇ ಉದ್ದೇಶ. ಅವನ್ನು ಗುರುತಿಸುವುದು ಡಿಎನ್‌ಎಯಿಂದ. 2008ರಿಂದ ಇಲ್ಲಿನ ಸ್ಟೀಲ್‌ಹೆಡ್ ಹ್ಯಾಚರಿಗಳಲ್ಲಿ ತಂದೆ ತಾಯಿ ಮೀನುಗಳ ರೆಕ್ಕೆಯ ಚೂರನ್ನು ತೆಗೆದಿಡುತ್ತಿದ್ದಾರೆ. ಮುಂದೆ ಸಿಕ್ಕ ಯಾವ ಮೀನಿನ ರೆಕ್ಕೆಯ ಚೂರನ್ನಾದರೂ ಹೋಲಿಸಿದರೆ, ಯಾವ ಹ್ಯಾಚರಿ, ಯಾವ ವರ್ಷ, ಯಾವ ಜೋಡಿ ಎಂದು ತಿಳಿಯುತ್ತದೆ. ಮೀನಿನ ಮೈಮೇಲೆ ಯಾವ ಗುರುತೂ ಬೇಕಿಲ್ಲ.

ಹೊಸ_ಗಾಳಗಾರ (ಬೆಲ್‌ವ್ಯೂ):
ಹಾಗಾದರೆ ಐಡಾಹೋದ ಕ್ಲಿಯರ್‌ವಾಟರ್ ನದಿಯ ದೊಡ್ಡ ಮೀನುಗಳು ಕಾಡು ಮೀನೋ ಹ್ಯಾಚರಿ ಮೀನೋ? ಅಲ್ಲಿಗೆ ಹೋಗುವ ಆಸೆ ಇದೆ.

ಬೋಯ್ಸಿ_ಬಳಗ:
ಎರಡೂ ಇವೆ. ಆ ಕಥೆ ಕೇಳಲೇಬೇಕು. ನಾರ್ತ್ ಫೋರ್ಕ್ ಕ್ಲಿಯರ್‌ವಾಟರ್‌ಗೆ ಡ್ವರ್ಶಾಕ್ ಅಣೆಕಟ್ಟು ಕಟ್ಟಿದರು. 219 ಮೀಟರ್ ಎತ್ತರ, ಮೀನು ಹತ್ತಲು ಯಾವ ದಾರಿಯೂ ಇಲ್ಲ. ಮೇಲಿನ ಅಷ್ಟೂ ಹೊಳೆ ಸ್ಟೀಲ್‌ಹೆಡ್ ಪಾಲಿಗೆ ಶಾಶ್ವತವಾಗಿ ಮುಚ್ಚಿತು. ಅದೇ ನಾರ್ತ್ ಫೋರ್ಕ್ ಮೀನುಗಳಿಂದ ಅಣೆಕಟ್ಟಿನ ಕೆಳಗಿನ ಹ್ಯಾಚರಿ ಶುರುವಾಯಿತು. ದೊಡ್ಡ ಗಾತ್ರದ ಆ ವಂಶ ಇಂದು ಉಳಿದಿರುವುದೇ ಹ್ಯಾಚರಿಯಲ್ಲಿ. ಹ್ಯಾಚರಿ ಮೀನು ಎಂದರೆ ಕೀಳು ಎನ್ನುವವರು ಅಲ್ಲಿಗೆ ಬಂದು ಆ ಗೋಡೆಯನ್ನು ಒಮ್ಮೆ ನೋಡಬೇಕು. ಸೌತ್ ಫೋರ್ಕ್‌ನಲ್ಲಿ ಈಗ ಗಾಳಗಾರರೇ ಬ್ರೂಡ್‌ಸ್ಟಾಕ್ ಹಿಡಿದು ಕೊಡುತ್ತಾರೆ. ಅಗಲ ಪ್ಲಾಸ್ಟಿಕ್ ಪೈಪಿನೊಳಗೆ ಮೀನನ್ನು ಸೇರಿಸಿ, ನದಿಯ ನೀರಿನಲ್ಲೇ ಕಟ್ಟಿಟ್ಟು, ಇಲಾಖೆಯ ವಾಹನ ಬರುವವರೆಗೆ ಕಾಯುತ್ತಾರೆ.

ವೆಡ್ಡರ್_ವಾಸಿ (ಚಿಲಿವ್ಯಾಕ್):
ಬ್ರಿಟಿಷ್ ಕೊಲಂಬಿಯಾದ ವೆಡ್ಡರ್ ನದಿಯಲ್ಲೂ ಇದೇ ಕ್ರಮ. ಸ್ವಯಂಸೇವಕರು ಗಾಳದಲ್ಲಿ ಹಿಡಿದ ಕಾಡು ಮೀನನ್ನು ಕೊಳವೆಯಲ್ಲಿಟ್ಟು ಹ್ಯಾಚರಿಗೆ ಕೊಡುತ್ತಾರೆ, ಅವುಗಳ ಮರಿಗಳ ಅಡಿಪೋಸ್ ಕತ್ತರಿಸಿ ಬಿಡುತ್ತಾರೆ. ಇಲ್ಲಿ ಹ್ಯಾಚರಿ ಮೀನು, ಬ್ರೂಡ್‌ಸ್ಟಾಕ್ ಮೀನು ಎಂಬ ಭೇದವೇ ಇಲ್ಲ, ಕತ್ತರಿಸಿದ ಚಳಿಗಾಲದ ಸ್ಟೀಲ್‌ಹೆಡ್ ಎಂದರೆ ಕಾಡು ತಂದೆ ತಾಯಿಯ ಮರಿ. ದಡದಲ್ಲಿ ಅಕ್ಕಪಕ್ಕ ಎರಡು ಮೀನು ಮಲಗಿಸಿದರೆ ಅಡಿಪೋಸ್ ಬಿಟ್ಟು ಬೇರೆ ಯಾವ ವ್ಯತ್ಯಾಸವನ್ನೂ ನಾನು ಹೇಳಲಾರೆ. ಹೇಳುತ್ತೇನೆ ಎನ್ನುವವರನ್ನು ನಂಬುವುದೂ ಇಲ್ಲ.

ಕಾವೇರಿ_ತಟ (ಮಂಡ್ಯ):
ನಾನು ಅಮೆರಿಕ ನೋಡಿದವನಲ್ಲ, ಆದರೂ ಈ ಚರ್ಚೆ ಓದುತ್ತಿದ್ದರೆ ನಮ್ಮ ಕಾವೇರಿಯದೇ ಸಂಕಟ ಎನಿಸಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಕಡೆ ಮಹಶೀರ್ ಹಿಡಿದು ಬಿಡುವ ಶಿಬಿರಗಳಿದ್ದ ಕಾಲ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆ ಹೊಳೆಯ ಸ್ವಂತ ಮೀನು ಡುಬ್ಬದ ಮಹಶೀರ್, ಕಿತ್ತಳೆ ಬಣ್ಣದ ರೆಕ್ಕೆಯದು. ಮಹಶೀರ್ ಕಡಿಮೆಯಾಯಿತೆಂದು, ಲೋಣಾವಳದ ಹ್ಯಾಚರಿಯಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಬಿಟ್ಟರು. ಅದು ಬೇರೆಯೇ ಜಾತಿ, ಟಾರ್ ಖುದ್ರೀ. ಬಿಟ್ಟವರ ಉದ್ದೇಶ ಒಳ್ಳೆಯದೇ ಇತ್ತು.

ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ದಾಖಲೆಗಳನ್ನು ಏಡ್ರಿಯನ್ ಪಿಂಡರ್ ಮತ್ತಿತರ ಸಂಶೋಧಕರು ಪರಿಶೀಲಿಸಿದಾಗ ನೀಲಿ ರೆಕ್ಕೆಯದು ಏರುತ್ತ ಹೋದದ್ದೂ ಡುಬ್ಬದ ಮೀನು ಕುಸಿಯುತ್ತ ಹೋದದ್ದೂ ಎದ್ದು ಕಂಡಿತು. ಡುಬ್ಬದ ಮಹಶೀರ್‌ಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಗಟ್ಟಿಯಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದ ಪಟ್ಟಿಗೂ ಸೇರಿತು. ಹೆಸರಿಡುವ ಹೊತ್ತಿಗೆ ಮೀನೇ ಮುಗಿಯುತ್ತ ಬಂದಿತ್ತು, ನೆನೆದರೆ ಹೊಟ್ಟೆ ಉರಿಯುತ್ತದೆ.

ನಮ್ಮಲ್ಲಿ ರೆಕ್ಕೆಯ ಬಣ್ಣ ಬೇರೆ ಇದ್ದುದರಿಂದ ಗಾಳಗಾರರ ದಾಖಲೆಯಿಂದಲೇ ಇಷ್ಟು ತಿಳಿಯಿತು. ನಿಮ್ಮಲ್ಲಿ ಎರಡೂ ಒಂದೇ ಜಾತಿ, ಒಂದೇ ಬಣ್ಣ. ಆ ಪುಟ್ಟ ರೆಕ್ಕೆ ಕತ್ತರಿಸದೆ ಹೋಗಿದ್ದರೆ ಯಾವುದು ಯಾವುದೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಮಲೆನಾಡ_ಹೊಳೆ (ಪೋರ್ಟ್‌ಲೆಂಡ್):
ಎಷ್ಟು ಒಳ್ಳೆಯ ಮಾತು ಹೇಳಿದಿರಿ ಸರ್. ಶೃಂಗೇರಿಯ ತುಂಗೆಯಲ್ಲಿ ದೇವರ ಮೀನುಗಳಿಗೆ ಮಂಡಕ್ಕಿ ಹಾಕುತ್ತ ಬೆಳೆದವನು ನಾನು. ದೇವಸ್ಥಾನದ ಘಟ್ಟದಲ್ಲಿ ಯಾರೂ ಗಾಳ ಹಾಕುವುದಿಲ್ಲ. ಅಂಥ ರಕ್ಷಣೆ ಕಾವೇರಿಯ ಆ ಮಡುಗಳಿಗೂ ಸಿಗಬೇಕಿತ್ತು.

ಮಲ್ಪೆ_ಕಡಲು (ಟಕೋಮಾ):
ಕಾವೇರಿಯ ಮಾತು ಮನಸ್ಸಿಗೆ ನಾಟಿತು. ಆದರೆ ಅಲ್ಲಿ ಬಿಟ್ಟದ್ದು ಬೇರೆ ಜಾತಿ. ಇಲ್ಲಿ ಅದೇ ಹೊಳೆಯ ಮಕ್ಕಳು. ಚೇಂಬರ್ಸ್ ಕ್ರೀಕ್ ತಳಿಯ ವಿಷಯದಲ್ಲಿ ನಾನೂ ನಿಮ್ಮ ಜೊತೆಗಿದ್ದೇನೆ. ವಾಷಿಂಗ್ಟನ್‌ನ ಪ್ಯೂಜೆಟ್ ಸೌಂಡ್ ಕೊಲ್ಲಿಯ ನದಿಗಳ ಕಾಡು ಸ್ಟೀಲ್‌ಹೆಡ್ 2007ರಲ್ಲಿ ಅಪಾಯದ ಪಟ್ಟಿಗೆ ಸೇರಿದ ಮೇಲೂ ಆ ತಳಿಯನ್ನು ಬಿಡುತ್ತಲೇ ಇದ್ದರು. ವೈಲ್ಡ್ ಫಿಶ್ ಕನ್ಸರ್ವೆನ್ಸಿ ಎಂಬ ಕಾಡು ಮೀನು ರಕ್ಷಣೆಯ ಸಂಸ್ಥೆಯವರು ನ್ಯಾಯಾಲಯಕ್ಕೆ ಹೋದ ಮೇಲೆ 2014ರಲ್ಲಿ ರಾಜಿಯಾಗಿ ಅದಕ್ಕೆ ಕಡಿವಾಣ ಬಿತ್ತು. ಅದು ಆಗಬೇಕಾದದ್ದೇ. ಕಾಡು ಬ್ರೂಡ್‌ಸ್ಟಾಕ್ ಯೋಜನೆ ಅದಕ್ಕಿಂತ ಎಷ್ಟೋ ಮೇಲು ಎನ್ನುತ್ತೇನೆ.

ತುಂಗೆಯ_ಮಗಳು (ಕೊರ್ವಾಲಿಸ್):
ಒಂದು ವಿಷಯದಲ್ಲಿ ಮೇಲು, ಇನ್ನೊಂದರಲ್ಲಿ ಹೆಚ್ಚು ಅಪಾಯ. ಹಳೆಯ ತಳಿ ಡಿಸೆಂಬರ್‌ನಲ್ಲಿ ಬಂದು ಹೋಗುತ್ತಿತ್ತು, ಕಾಡು ಮೀನಿನೊಂದಿಗೆ ಬೆರೆಯುವ ಅವಕಾಶ ಕಡಿಮೆ. ಬ್ರೂಡ್‌ಸ್ಟಾಕ್ ಸಂತಾನ ಕಾಡು ಮೀನು ಬರುವ ಹೊತ್ತಿಗೇ ಬರುತ್ತದೆ. ಗಾಳಗಾರ ಬಿಟ್ಟರೆ, ಬೋನಿಗೂ ಹೋಗದಿದ್ದರೆ, ಅದೇ ಜಲ್ಲಿಯಲ್ಲಿ ಕಾಡು ಮೀನಿನ ಜೊತೆಗೇ ಮೊಟ್ಟೆ ಇಡುತ್ತದೆ. ಇದಲ್ಲದೆ, ಪ್ರತಿ ವರ್ಷ ಹ್ಯಾಚರಿಗೆಂದು ಹಿಡಿಯುವ ಕಾಡು ಮೀನುಗಳು ಹೊಳೆಯಲ್ಲಿ ಇಡಬೇಕಾಗಿದ್ದ ಮೊಟ್ಟೆ ಹೊಳೆಗೆ ನಷ್ಟ. ಕಾಡು ಮೀನು ಸಾಕಷ್ಟಿರುವ ವರ್ಷ ಸರಿ, ಬರದ ವರ್ಷ ಆ ನಷ್ಟವನ್ನು ಯಾರು ತುಂಬುತ್ತಾರೆ?

ನೆಸ್ಟುಕ್ಕ_ಗಾಳ (ಮೆಕ್‌ಮಿನ್‌ವಿಲ್):
ಈ ಕೊನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಬ್ರೂಡ್‌ಸ್ಟಾಕ್ ಸಂಗ್ರಹಕ್ಕೆ ನಾನೂ ಮೀನು ಕೊಟ್ಟಿದ್ದೇನೆ. ಕೊಳವೆಯ ಬಾಯಲ್ಲಿ ಕೈಯಿಟ್ಟಾಗ ಒಳಗೆ ಅದರ ಬಾಲ ನಿಧಾನವಾಗಿ ಬಡಿಯುವುದು ತಿಳಿಯುತ್ತದೆ. ಆ ಕ್ಷಣದಲ್ಲಿ ನನಗೆ ಯಾವಾಗಲೂ ಇದೇ ಪ್ರಶ್ನೆ ಬರುತ್ತದೆ. ಆದರೂ ನೆಸ್ಟುಕ್ಕದಲ್ಲಿ ಮಾರ್ಚ್ ತಿಂಗಳ ಗಾಳಗಾರಿಕೆ ಉಳಿದಿರುವುದೇ ಈ ಮೀನುಗಳಿಂದ. ಜನ ನದಿಗೆ ಬರುವುದು ನಿಂತರೆ ನದಿಯ ಪರವಾಗಿ ಮಾತಾಡುವವರೂ ಇರುವುದಿಲ್ಲ.

ಸಾಲೆಮ್_ಸುಬ್ಬಿ:
ಚರ್ಚೆಯ ನಡುವೆ ಅಡುಗೆ ಮಾತು ತಂದರೆ ಬೇಸರವಿಲ್ಲವಷ್ಟೇ? ಸ್ಟೀಲ್‌ಹೆಡ್ ತಲೆಯ ಸಾರಿಗೆ ಹುಣಸೆ ಹಾಕಬೇಕೋ, ಕೋಕಂ ಹಾಕಬೇಕೋ?

ಮಲ್ಪೆ_ಕಡಲು (ಟಕೋಮಾ):
ಹುಣಸೆಯೇ ಸರಿ, ಆದರೆ ಕಡಿಮೆ. ಬಂಗುಡೆಯ ಸಾರಿಗೆ ಹಾಕುವಷ್ಟು ಹಾಕಿದರೆ ಈ ಮೀನಿನ ಸವಿ ಹೋಗುತ್ತದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ತೆಂಗಿನಕಾಯಿ ನುಣ್ಣಗೆ ಅರೆದು, ಮಸಾಲೆ ಚೆನ್ನಾಗಿ ಕುದಿದ ಮೇಲೆ ಮೀನು ಹಾಕಿ. ಸೌಟು ಆಡಿಸಬೇಡಿ, ಪಾತ್ರೆಯನ್ನೇ ಅಲುಗಾಡಿಸಿ. ಸಮುದ್ರದಿಂದ ಹೊಸದಾಗಿ ಬಂದ ಮೀನಿಗೆ ಕೊಬ್ಬು ಇರುತ್ತದೆ, ಮಾಂಸ ಕಿತ್ತಳೆ ಬಣ್ಣ. ಮೊಟ್ಟೆಗೆ ಬಂದು ಮೈ ಕಪ್ಪಾದ ಮೀನು ಸಾರಿಗೆ ಒಗ್ಗುವುದಿಲ್ಲ, ಮಾಂಸ ಬಿಳಿಚಿ ಮೆತ್ತಗಾಗಿರುತ್ತದೆ.

ವಿಲ್ಸನ್_ದಂಡೆ (ಹಿಲ್ಸ್‌ಬರೋ):
ತಲೆ ತೆಗೆದು ನೋಡಿದೆ. ಮ್ಯಾಕ್ಸಿಲರಿ ಮೂಳೆ ಎರಡೂ ಬದಿ ಪೂರ್ತಿಯಾಗಿದೆ, ಕಣ್ಣಿನ ಹಿಂದಿನವರೆಗೂ ಹೋಗಿದೆ. ಅಂದ ಮೇಲೆ ಹೆಚ್ಚಿನ ಗುರುತು ಇಲ್ಲ. ಹೊಟ್ಟೆಯ ಜೋಡಿ ರೆಕ್ಕೆ ಎರಡೂ ಇದ್ದದ್ದು ಫೋಟೋದಲ್ಲಿ ಕಾಣುತ್ತಿದೆ. ಕೆಲವು ಹುರುಪೆಗಳನ್ನು ಕಾಗದದ ಲಕೋಟೆಯಲ್ಲಿ ಒಣಗಿಸಿ ಇಟ್ಟಿದ್ದೇನೆ. ಅದರಿಂದ ಏನಾದರೂ ತಿಳಿಯುವುದೇ?

ತುಂಗೆಯ_ಮಗಳು (ಕೊರ್ವಾಲಿಸ್):
ಹುರುಪೆಯಲ್ಲಿ ಮರದ ಕಾಂಡದ ಹಾಗೆ ಉಂಗುರಗಳಿರುತ್ತವೆ. ಹೊಳೆಯಲ್ಲಿ ಕಳೆದ ವರ್ಷಗಳ ಉಂಗುರ ಒತ್ತೊತ್ತಾಗಿ, ಸಮುದ್ರದ ಉಂಗುರ ಅಗಲವಾಗಿ ಇರುತ್ತವೆ. ಕಾಡು ಮೀನಾದರೆ ಸಾಮಾನ್ಯವಾಗಿ ಸಿಹಿನೀರಿನ ಎರಡು ವರ್ಷ ಕಾಣುತ್ತದೆ, ಹ್ಯಾಚರಿ ಮೀನಾದರೆ ಒಂದು. ನಿಮ್ಮದು ಒಂದು ವರ್ಷದ್ದೇ ಇರುತ್ತದೆ. ಅದರಿಂದ ಹ್ಯಾಚರಿ ಎಂದು ಖಚಿತವಾಗುತ್ತದೆ, ಅದು ಅಡಿಪೋಸ್‌ನಿಂದ ಈಗಾಗಲೇ ಗೊತ್ತಿರುವ ವಿಷಯ. ಸಮುದ್ರದಲ್ಲಿ ಎರಡು ವರ್ಷ ಇತ್ತೋ ಮೂರು ವರ್ಷವೋ ಎಂಬುದೂ ತಿಳಿಯುತ್ತದೆ. ಹನ್ನೆರಡು ಪೌಂಡ್ ಎಂದರೆ ಮೂರು ಎಂದು ನನ್ನ ಊಹೆ. ಆದರೆ ಆಲ್ಸೀ ತಳಿಯೋ ಬ್ರೂಡ್‌ಸ್ಟಾಕ್ ಸಂತಾನವೋ ಎಂಬುದು ಉಂಗುರದಲ್ಲಿ ಕಾಣುವುದಿಲ್ಲ, ಡಿಎನ್‌ಎಯಲ್ಲಿ ಮಾತ್ರ.

ಬೋಯ್ಸಿ_ಬಳಗ:
ತಲೆಯನ್ನು ಸಾರಿಗೆ ಹಾಕುವ ಮುನ್ನ ಒಂದು ಮಾತು. ಕೆಲವು ಹ್ಯಾಚರಿ ಮೀನುಗಳ ಮೂತಿಯೊಳಗೆ ಸುಮಾರು ಒಂದು ಮಿಲಿಮೀಟರ್ ಉದ್ದದ ತಂತಿಯ ಚೂರು ಇರುತ್ತದೆ, ಅದರ ಮೇಲೆ ಸಂಕೇತ ಕೆತ್ತಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ಪತ್ತೆ ಮಾಡಲು ಯಂತ್ರ ಬೇಕು. ಇಲಾಖೆಯ ಕಚೇರಿಗೆ ಮೂತಿಯನ್ನು ಕೊಟ್ಟರೆ ನೋಡುತ್ತಾರೆ.

ವಿಲ್ಸನ್_ದಂಡೆ (ಹಿಲ್ಸ್‌ಬರೋ):
ಹಾಗಾದರೆ ಸಾರು ನಿಲ್ಲಿಸಿದ್ದೇನೆ. ಮೂತಿ ಮತ್ತು ಹುರುಪೆ ಎರಡನ್ನೂ ಸೋಮವಾರ ಟಿಲ್ಲಮೂಕ್ ಕಚೇರಿಗೆ ಒಯ್ಯುತ್ತೇನೆ. ಈ ವರ್ಷ ಹಿಂದಿರುಗುತ್ತಿರುವ ಮರಿಗಳಿಗೆ ಯಾವ ಗುರುತು ಹಾಕಿದ್ದರು ಎಂಬುದನ್ನೂ ಕೇಳುತ್ತೇನೆ.

ನೆಸ್ಟುಕ್ಕ_ಗಾಳ (ಮೆಕ್‌ಮಿನ್‌ವಿಲ್):
ಲಕೋಟೆಯ ಮೇಲೆ ದಿನಾಂಕ, ನದಿಯ ಯಾವ ಭಾಗ, ಗಂಡೋ ಹೆಣ್ಣೋ, ಮೂತಿಯಿಂದ ಬಾಲದ ಕವಲಿನವರೆಗಿನ ಉದ್ದ, ಇಷ್ಟನ್ನು ಬರೆದು ಕೊಡಿ. ಬರೆಯದ ಲಕೋಟೆ ಅವರಿಗೆ ಉಪಯೋಗವಿಲ್ಲ. ಉತ್ತರ ಬಂದಾಗ ಇಲ್ಲೇ ತಿಳಿಸಿ, ನೆಸ್ಟುಕ್ಕದ ಗುರುತನ್ನು ನಾನೂ ಕೇಳಿ ಹಾಕುತ್ತೇನೆ.

ಮಲ್ಪೆ_ಕಡಲು (ಟಕೋಮಾ):
ಅದು ಬ್ರೂಡ್‌ಸ್ಟಾಕ್ ಸಂತಾನವೇ ಎಂದು ಈಗಲೂ ಹೇಳುತ್ತೇನೆ. ಆಲ್ಸೀ ತಳಿ ಮಾರ್ಚ್‌ನಲ್ಲಿ ಕಡಲ ಹೇನು ಹೊತ್ತುಕೊಂಡು ಬರುವುದಿಲ್ಲ.